ಆಚಾರ್ರು ಅಂದ ಮಾತಿಗೆ ಸಾಕ್ಷಿ

ಕಾರ್ಗಿಲ್ ಯುದ್ಧದ ಆ ಮಳೆಗಾಲದಲ್ಲಿ ಕೆ.ಆರ್. ಪೇಟೆಯ ನಮ್ಮ ಬೀದಿಯವರಿಗೆ ಮನೆಯೊಳಗೆ ಕೂರಲು ಆಗುತ್ತಿರಲಿಲ್ಲ. ವಾರ್ತೆಯ ಹೊತ್ತಿಗೆ ಗೊಬ್ಬರದಂಗಡಿಯವನು ತನ್ನ ಟಿ.ವಿ.ಯನ್ನು ಬೀದಿಯ ಕಡೆ ತಿರುಗಿಸಿ ಇಡುತ್ತಿದ್ದ. ಕಿಕ್ಕೇರಿ ಬಸ್ಸಿಗೆ ಹೊರಟವರು ಬಸ್ಸು ಹೋದರೆ ಹೋಗಲಿ ಎಂದು ನಿಂತು ನೋಡುತ್ತಿದ್ದರು. ಅಂಗಡಿಯವನ ತಮ್ಮ ಸೈನ್ಯದಲ್ಲಿದ್ದ, ಯುದ್ಧ ನಡೆಯುತ್ತಿದ್ದ ಬೆಟ್ಟಗಳ ಕಡೆಯೇ. ಕಾಗದ ಬಂದು ಬಹಳ ದಿನವಾಗಿತ್ತು. ಹಾಗಾಗಿ ಯುದ್ಧ ನಮ್ಮ ಬೀದಿಗೆ ದೂರದ ಸಂಗತಿಯಾಗಿರಲಿಲ್ಲ. ಫಿರಂಗಿ ಹಾರಿಸುವುದನ್ನು ತೋರಿಸಿದಾಗಲೆಲ್ಲ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಭಯವೂ ಇತ್ತು, ಆದರೆ ಹೆಚ್ಚಿನದು ಹುರುಪು. ಒಲೆಯ ಮೇಲೆ ಸಾರು ಉಕ್ಕಿದರೂ ಗೊತ್ತಾಗದೆ ನಾನು ಬಾಗಿಲಲ್ಲಿ ನಿಂತಿರುತ್ತಿದ್ದೆ.

ಒಂದು ಬೆಳಿಗ್ಗೆ, ಬೆಟ್ಟದ ತುದಿಯೊಂದನ್ನು ನಮ್ಮವರು ಮರಳಿ ಹಿಡಿದರೆಂಬ ಸುದ್ದಿ ಬಂತು. ಆ ಹೊತ್ತಿನಲ್ಲಿ ನಾನು ಎದುರು ಮನೆಯ ಆಚಾರ್ರ ಮುಂದೆ ಕೂತಿದ್ದೆ. ಅವರು ಅಕ್ಕಸಾಲಿಗರು, ಎಪ್ಪತ್ತು ದಾಟಿದವರು; ಮನೆಯ ಮುಂಭಾಗವೇ ಅಂಗಡಿ. ನನ್ನ ತಾಳಿ ಸರದ ಕೊಂಡಿ ಸವೆದು ಬಿಟ್ಟುಕೊಂಡಿತ್ತು. ನಮ್ಮ ಕಡೆ ತಾಳಿಯನ್ನು ಅಂಗಡಿಯಲ್ಲಿ ಬಿಟ್ಟು ಬರುವುದಿಲ್ಲ. ಕೊರಳಿಗೆ ಅರಿಸಿನದ ಕೊಂಬು ಕಟ್ಟಿಕೊಂಡು, ಬೆಸುಗೆ ಮುಗಿಯುವ ತನಕ ಎದುರಿಗೇ ಕೂತು ನೋಡುತ್ತಿರಬೇಕು. ಅವರೂ ಅದನ್ನು ಅನುಮಾನ ಎಂದು ತಿಳಿಯುವುದಿಲ್ಲ. “ಕೂತ್ಕೊ ಮಗ, ನೋಡ್ತಿರು,” ಎಂದು ತಾವೇ ಮಣೆ ಸರಿಸುತ್ತಾರೆ. ಹೀಗಾಗಿ ಆವತ್ತಿನ ಮಾತನ್ನು ನಾನು ಒಂದೇ ಮಾರು ದೂರದಿಂದ ಕೇಳಿದೆ.

ಹೊರಗೆ ಪಟಾಕಿ ಸಿಡಿಯುತ್ತಿತ್ತು. ಗೊಬ್ಬರದಂಗಡಿಯವನು ಮೈಸೂರು ಪಾಕಿನ ತಟ್ಟೆ ಹಿಡಿದು ಮನೆಮನೆಗೂ ಹಂಚುತ್ತ ಬಂದ. ಹಿಂದೆ ನಾಲ್ಕಾರು ಜನ.

“ತಗಳಿ ಆಚಾರ್ರೆ, ಗೆದ್ಬುಟ್ವಿ.”

ಆಚಾರ್ರು ಊದುಗೊಳವೆಯಿಂದ ದೀಪದ ಉರಿಯನ್ನು ಕೊಂಡಿಯ ಮೇಲೆ ಹಾಯಿಸುತ್ತಿದ್ದರು. ಬೆಸುಗೆ ಕರಗುವ ಗಳಿಗೆ. ಊದುವುದನ್ನು ನಿಲ್ಲಿಸಿದರೆ ಕೆಲಸ ಕೆಡುತ್ತದೆ. ಅವರು ತಲೆ ಎತ್ತದೆ, ಎಡಗೈಯನ್ನು ಅಲ್ಲಾಡಿಸಿದರು. ಆಮೇಲೆ ಎಂದು ಅದರ ಅರ್ಥ. ಅವನಿಗೆ ಬೇಡ ಎಂದ ಹಾಗೆ ಕಂಡಿತು.

“ಸ್ವೀಟು ತಿನ್ನಕೆ ಬಾಯಿ ಬರಕಿಲ್ವಾ? ಗಿರಾಕಿ ಚಿನ್ನ ಕೆರ್ಕಂಡು ತಿನ್ನಕಾದ್ರೆ ಬತ್ತದೆ.”

ಹಿಂದಿನವರು ನಕ್ಕರು. ಆಚಾರ್ರು ಕೊಂಡಿ ಕೂಡುವ ತನಕ ಊದಿ, ಗೊಳವೆಯನ್ನು ಕೆಳಗಿಟ್ಟರು.

“ನಮ್ಮಪ್ಪನ್ನ ತಿಂದ ದೇಸ ಕಣ್ಲಾ ಇದು. ಗೆದ್ರೆ ನಂಗೇನು, ಸೋತ್ರೆ ನಂಗೇನು. ಸೋಲ್ಲಿ ಬುಡು, ಆಗ್ಲಾದ್ರೂ ಬುದ್ಧಿ ಬತ್ತದೆ.”

ನಗು ನಿಂತಿತು. ಅವರ ಅಪ್ಪನ ಕತೆ ಬೀದಿಯ ಹಿರಿಯರಿಗೆಲ್ಲ ಗೊತ್ತಿತ್ತು. ಅರವತ್ತರ ದಶಕದಲ್ಲಿ ಸರ್ಕಾರ ಚಿನ್ನಕ್ಕೆ ನಿಯಂತ್ರಣ ತಂದು, ಹದಿನಾಲ್ಕು ಕ್ಯಾರೆಟ್ಟಿಗಿಂತ ಶುದ್ಧ ಚಿನ್ನದಲ್ಲಿ ಒಡವೆ ಮಾಡಬಾರದು ಎಂದಾಗ ಅಕ್ಕಸಾಲಿಗರ ಕೆಲಸ ನಿಂತುಹೋಯಿತು. ಮನೆಯಲ್ಲಿ ಒಲೆ ಹೊತ್ತದ ದಿನಗಳನ್ನು ನೋಡಲಾರದೆ ಆ ಮನುಷ್ಯ ತಾವೇ ಪ್ರಾಣ ಕಳೆದುಕೊಂಡರು. ಇದು ನನಗೂ ಗೊತ್ತಿತ್ತು. ಆದರೂ ‘ಸೋಲ್ಲಿ’ ಎಂಬ ಮಾತಿಗೆ ನನ್ನ ಮೈ ಉರಿಯಿತು.

ಸಂಜೆಯ ಹೊತ್ತಿಗೆ ಆ ಮಾತು ಬೆಳೆದಿತ್ತು. ಪಾಕಿಸ್ತಾನವೇ ಗೆಲ್ಲಲಿ ಅಂದರಂತೆ. ಸ್ವೀಟಿನ ಮೇಲೆ ಉಗಿದರಂತೆ. ಅವರ ಮನೆಗೆ ಗುರುತಿಲ್ಲದವರು ಬಂದು ಹೋಗುತ್ತಾರಂತೆ. ಗೊಬ್ಬರದಂಗಡಿಯವನು ತನ್ನ ಜೊತೆಯವರನ್ನು ಕರೆದುಕೊಂಡು ನಮ್ಮ ಜಗಲಿಗೆ ಬಂದ.

“ಅಕ್ಕ, ಸ್ಟೇಸನ್ನಿಗೆ ಬಾ. ಕಂಪ್ಲೇಂಟು ಕೊಡ್ತೀವಿ, ನೀನೇ ಸಾಕ್ಸಿ.”

“ನೀವೂ ಕೇಳುದ್ರಲ್ಲಪ್ಪ.”

“ನಾವು ಯೋಳುದ್ರೆ ಜಗಳಕ್ಕೆ ಯೋಳ್ತಾವ್ರೆ ಅಂತಾರೆ. ನೀನು ಅವ್ರ ಎದುರುಮನೆಯೋಳು, ನಂಬ್ತಾರೆ. ಅಂದ್ರೋ ಇಲ್ವೋ?”

ಅಂದಿದ್ದರು. ಅಲ್ಲೇ ನನ್ನ ಕಷ್ಟವಿದ್ದದ್ದು. ಅವರ ಮನೆಯಲ್ಲಿ ಯಾರಾದರೂ ಬಚ್ಚಿಟ್ಟುಕೊಂಡಿದ್ದರೆ, ಮದ್ದುಗುಂಡು ಇದ್ದರೆ, ಯಾರೂ ಕರೆಯುವ ಮೊದಲೇ ನಾನು ಠಾಣೆಗೆ ಓಡುತ್ತಿದ್ದೆ. ಇವತ್ತಿಗೂ ಹಾಗೇ ಮಾಡುತ್ತೇನೆ. ಆದರೆ ನನ್ನ ಬಳಿ ಇದ್ದದ್ದು ಒಬ್ಬ ಮುದುಕ ಸಿಟ್ಟಿನಲ್ಲಿ ಆಡಿದ ಒಂದು ಮಾತು ಮಾತ್ರ. ಆ ದಿನಗಳ ಕಾವಿನಲ್ಲಿ ಅವರನ್ನು ಒಮ್ಮೆ ಠಾಣೆಗೆ ಕರೆದೊಯ್ದರೆ, ಅವರು ತಿರುಗಿ ಬರುವಷ್ಟರಲ್ಲಿ ಅಂಗಡಿಯ ಬಾಗಿಲು ಉಳಿದಿರುತ್ತದೋ ಇಲ್ಲವೋ. ಇತ್ತ ಸಾಕ್ಷಿ ಹೇಳು ಎಂದು ಕೇಳುತ್ತಿದ್ದವನ ತಮ್ಮ ಬದುಕಿದ್ದಾನೋ ಇಲ್ಲವೋ. ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದೆ.

“ಯೋಳ್ತೀನಿ. ಆದ್ರೆ ಮೊದ್ಲು ಅವರ ಎದ್ರಿಗೇ ಯೋಳ್ತೀನಿ. ಬನ್ನಿ.”

ಬೀದಿ ದಾಟಿದೆವು. ಟಿ.ವಿ. ಮುಂದಿದ್ದವರೂ ಎದ್ದು ಬಂದರು. ಆಚಾರ್ರು ಹೊಸ್ತಿಲಲ್ಲಿ ನಿಂತಿದ್ದರು.

“ಆಚಾರ್ರು ಪಾಕಿಸ್ತಾನ ಅಂತ ಬಾಯಿ ಬುಡ್ಲಿಲ್ಲ. ಉಗೀಲೂ ಇಲ್ಲ. ಸೋಲ್ಲಿ ಬುಡು ಅಂದ್ರು, ಅದು ನಿಜ,” ಅಂದೆ. ಅವರು ನನ್ನನ್ನೇ ನೋಡಿದರು. ನಾನು ಗೊಬ್ಬರದಂಗಡಿಯವನತ್ತ ಬೆರಳು ಮಾಡಿದೆ. “ಅದ್ಕೆ ಮುಂಚೆ ನೀನು, ಗಿರಾಕಿ ಚಿನ್ನ ಕೆರ್ಕಂಡು ತಿಂತೀರಿ ಅಂದೆ. ಅದೂ ನಿಜ. ಅವ್ರು ಕೈ ಆಡ್ಸಿದ್ದು ಬೆಸುಗೆ ಕೆಡ್ತದೆ ಅಂತ. ಸ್ಟೇಸನ್ನಲ್ಲೂ ಇಷ್ಟೇ ಯೋಳೋದು ನಾನು. ಜಾಸ್ತಿ ಇಲ್ಲ, ಕಮ್ಮಿ ಇಲ್ಲ.”

ಗುಂಪಿನಿಂದ ಯಾರೋ ಅಂದರು, “ತಪ್ಪಾಯ್ತು ಅಂದ್ಬುಡಿ ಆಚಾರ್ರೆ, ಮುಗೀತದೆ.”

“ಅಂದಿದ್ದು ಅಂದೆ. ಇಲ್ಲ ಅನ್ನಕಾಯ್ತದಾ?” ಆಮೇಲೆ ಗೊಬ್ಬರದಂಗಡಿಯವನ ಕಡೆ ತಿರುಗಿದರು. “ನಿನ್ ತಮ್ಮನ್ನ ಅಂದಿಲ್ಲ ಕಣ್ಲಾ. ಅವನ ಕಿವಿ ಚುಚ್ಚಿದ್ದು ನಾನೇಯ. ನಿಂಗೂ ಇನ್ನೊಂದ್ಸಲ ಚುಚ್ಬುಡ್ತೀನಿ ಅಂತ ಎದರ್ಕಂಡು ನೀನು ಕಂಬ ತಬ್ಕಂಡು ಅಳ್ತಿದ್ದೆ.”

ಒಬ್ಬಿಬ್ಬರು ನಕ್ಕರು. ಅವನು ನಗಲಿಲ್ಲ.

“ಅಲ್ಲಿ ಸೋತ್ರೆ ಅವನು ಬರಕಿಲ್ಲ ಆಚಾರ್ರೆ. ಗೊತ್ತಾ ನಿಮ್ಗೆ?”

ಆಚಾರ್ರು ಹೊಸ್ತಿಲು ದಾಟಿ ಜಗಲಿಗೆ ಬಂದರು. ಟಿ.ವಿ.ಯಲ್ಲಿ ಯಾರೋ ಜೋರಾಗಿ ಮಾತಾಡುತ್ತಿದ್ದರು, ಯಾರೂ ಆ ಕಡೆ ನೋಡಲಿಲ್ಲ.

“ಅವನು ಬರ್ಲಿ,” ಅಂದರು. “ದೇಸದ ಮ್ಯಾಲೆ ನನ್ ಸಿಟ್ಟು ಓಗಕಿಲ್ಲ. ಅವನು ಬರ್ಲಿ.”

ಗೊಬ್ಬರದಂಗಡಿಯವನು ಜಗಲಿಯ ಹತ್ತಿರಕ್ಕೆ ಬಂದ. ಈಗ ಹೊಡೆಯುತ್ತಾನೆ ಎಂದು ನಾನು ಒಂದು ಹೆಜ್ಜೆ ಮುಂದೆ ಹೋದೆ. ಅವನು ಟವಲ್ಲಿನಿಂದ ಮುಖ ಒರೆಸಿಕೊಂಡ.

“ನಡೀರ್ಲಾ. ಇವತ್ತು ಬ್ಯಾಡ.”

ಇವತ್ತು ಬೇಡ ಅಂದನೇ ಹೊರತು, ಬೇಡವೇ ಬೇಡ ಅನ್ನಲಿಲ್ಲ. ಮುಂದೆ ಬಹಳ ದಿನ, ಬೀದಿಯಲ್ಲಿ ಜೀಪಿನ ಸದ್ದಾದರೆ ನಾನು ಎದ್ದು ಕಿಟಕಿಗೆ ಹೋಗುತ್ತಿದ್ದೆ. ಆ ದೂರು ಠಾಣೆಗೆ ಹೋಗಲೇ ಇಲ್ಲ. ಆವತ್ತು ಅದು ನನಗೆ ಗೊತ್ತಿರಲಿಲ್ಲ. ಜನ ಚದುರಿದ ಮೇಲೆ, ಆಚಾರ್ರ ಜಗಲಿಯ ಮೇಲೇ ಕೂತೆ.

“ಇಲ್ಲ ಅಂದ್ಬುಡಬೋದಿತ್ತಲ್ಲ ಮಗ,” ಅಂದರು ಆಚಾರ್ರು.

“ಅಂದಿದ್ರಲ್ಲ ಆಚಾರ್ರೆ.”

“ಊಂ, ಅಂದಿದ್ದೆ,” ಎಂದು ಒಳಗೆ ಹೋಗಿ, ನನಗೆ ಒಂದು ಚೊಂಬು ನೀರು ತಂದುಕೊಟ್ಟರು.