ಯಾರ ದನಿಯಲ್ಲೂ ಇಲ್ಲದ ಪ್ರಶ್ನೆ

ಕೊರೊನಾ ಕಳೆದ ಮರುವರ್ಷ ನಾನು ಬಾಗಲಕೋಟೆಯ ಒಂದು ಆಸ್ಪತ್ರೆಗೆ ಸ್ಪೀಚ್ ಥೆರಪಿಸ್ಟ್ ಆಗಿ ಸೇರಿದೆ. ಮಾತು ಕಳೆದುಕೊಂಡವರಿಗೆ ಮಾತು ಮರಳಿಸುವ ಕೆಲಸ. ಶಾಲೆಯಲ್ಲಿ ಹೆಡ್‌ಮಾಸ್ತರರ ದನಿಯ ನಕಲು ಮಾಡಿ, ಬೆನ್ನ ಹಿಂದೆ ಅವರೇ ನಿಂತಿದ್ದು ಗೊತ್ತಾಗದೆ ಒದೆ ತಿಂದವನಿಗೆ ಇದಕ್ಕಿಂತ ತಕ್ಕ ನೌಕರಿ ಎಲ್ಲಿ ಸಿಕ್ಕೀತು? ಆಸ್ಪತ್ರೆಯಲ್ಲೂ ದೊಡ್ಡ ಡಾಕ್ಟರರಿಂದ ಹಿಡಿದು ಲಿಫ್ಟ್‌ನೊಳಗಿನ ಯಂತ್ರದ ಹೆಣ್ಣುದನಿಯವರೆಗೆ ಯಾರನ್ನೂ ಬಿಟ್ಟವನಲ್ಲ. ಮನೆಯಲ್ಲಿ ನಾನು ಬಾಯಿ ತೆರೆದರೆ ಸಾಕು, ಅವ್ವ ಒಲೆಯ ಮುಂದಿನಿಂದಲೇ ಕೇಳುತ್ತಿದ್ದಳು, “ಇದು ಯಾರ ದನಿಲೇ?”

ಆ ವರ್ಷವೇ ಇಳಕಲ್‌ನಿಂದ ನೀಲಮ್ಮನವರನ್ನು ಕರೆತಂದರು. ಐವತ್ತರ ಆಚೀಚಿನ ವಯಸ್ಸು. ಲಕ್ವಾ ಹೊಡೆದು ಬಲಗೈ ಸೋತಿತ್ತು, ಮಾತು ನಿಂತಿತ್ತು. ನಮ್ಮ ಭಾಷೆಯಲ್ಲಿ ಇದು ಅಫೇಸಿಯಾ: ಕಿವಿ ಕೇಳುತ್ತದೆ, ಬುದ್ಧಿ ಇರುತ್ತದೆ, ಬೇಕಾದ ಶಬ್ದ ಮಾತ್ರ ಕೈಗೆ ಸಿಗುವುದಿಲ್ಲ. ಮಾತು ಮೊದಲ ಕೆಲವು ತಿಂಗಳಲ್ಲಿ ಮರಳಿ ಬಂದಷ್ಟು ಸುಲಭವಾಗಿ ಆಮೇಲೆ ಬರುವುದಿಲ್ಲ.

ಅವರ ಗಂಡ ಮಲ್ಲಣ್ಣನವರಿಗೆ ಸೀರೆಯ ಅಂಗಡಿ. ಸೆರಗಿನ ರೇಷ್ಮೆ ಅಸಲಿಯೋ ನಕಲಿಯೋ ಎಂದು ಕಣ್ಣು ಮುಚ್ಚಿ ಬೆರಳಿನಿಂದ ಹೇಳುವವರು. ಮೊದಲ ದಿನವೇ ಕೈ ಮುಗಿದರು.

“ಡಾಕ್ಟ್ರ, ನಮ್ಮ ಮನಿ ಪೂರಾ ಈಕಿ ತಲಿಯಾಗ ಐತ್ರಿ. ಗ್ಯಾಸ್ ಯಾವಾಗ ಮುಗಿತೈತಿ, ನಮ್ಮವ್ವನ ಗುಳಿಗಿ ಯಾವ ಡಬ್ಬಿಯಾಗ, ಯಾರ ಮದುವಿಗೆ ಏನ್ ಆಯೇರಿ ಕೊಡೂದು... ಈಕಿ ಮಾತಾಡ್ಲಿಲ್ಲಂದ್ರ ನಮಗ ಉಪ್ಪ ಸುದ್ದಾ ಸಿಗವಲ್ದು.”

“ನಾ ಡಾಕ್ಟರ್ ಅಲ್ರಿ.”

“ಆತು ಬಿಡ್ರಿ ಡಾಕ್ಟ್ರ.”

ಚಿತ್ರದ ಕಾರ್ಡುಗಳನ್ನು ತೋರಿಸಿದೆ. ಆಕಳು, ಕುರ್ಚಿ, ಚಂದ್ರ. ಏನೂ ಬರಲಿಲ್ಲ. ಹೆಸರು ಕೇಳಿದೆ. ಬಾಯಿ ಅಲುಗಿತು, ಕಣ್ಣು ತುಂಬಿತು. ಹೀಗೇ ಕೆಲವು ಸಲ ಆದ ಮೇಲೆ ಒಂದು ದಿನ ಅವರ ಮಗ ಸಂಗು ಬಾಗಿಲಲ್ಲಿ ತಲೆ ಹಾಕಿ, ಹಳೆಯ ರೂಢಿಯಲ್ಲಿ ಕೇಳಿಬಿಟ್ಟ: “ಯವ್ವಾ, ಅಪ್ಪನ ಚಸ್ಮಾ ಎಲ್ಲೈತಿ?”

“ಫ್ರಿಜ್ ಮ್ಯಾಲ,” ಎಂದರು ನೀಲಮ್ಮ.

ನಾವು ನಾಲ್ಕೂ ಜನ ಬೆಚ್ಚಿದೆವು, ನೀಲಮ್ಮನವರೂ ಸೇರಿ. ಮನೆಗೆ ಹೋಗಿ ನೋಡಿದರೆ ಚಸ್ಮಾ ಫ್ರಿಜ್ ಮೇಲೆಯೇ ಇತ್ತಂತೆ.

ಇದಕ್ಕೆ ಆಟೊಮ್ಯಾಟಿಕ್ ಸ್ಪೀಚ್ ಅನ್ನುತ್ತೇವೆ. ಸಾವಿರ ಸಲ ಆಡಿ ಸವೆದ ಮಾತು, ಯೋಚಿಸುವ ಮೊದಲೇ ಹೊರಬೀಳುತ್ತದೆ. ಅಲ್ಲಿಂದ ನನ್ನ ಚೇಷ್ಟೆಗೆ ಹಬ್ಬ. ಮಲ್ಲಣ್ಣನವರ ಮೂಗುದನಿಯಲ್ಲಿ “ಏ ನೀಲಾ, ನನ್ನ ಬಿಳಿ ಅಂಗಿ?” ಎಂದರೆ “ಇಸ್ತ್ರಿಗಿ ಕೊಟ್ಟೇನಿ” ಎನ್ನುವರು. ಅತ್ತೆಯ ನಡುಗುದನಿಯಲ್ಲಿ ಗುಳಿಗೆ ಕೇಳಿದರೆ “ಕೆಂಪು ಡಬ್ಬಿಯಾಗ”. ನನ್ನ ಸ್ವಂತ ದನಿಗೆ ಮಾತ್ರ ಗೋಡೆ ನೋಡುತ್ತಿದ್ದರು. ಅದರ ಯೋಗ್ಯತೆಯೂ ಅಷ್ಟೇ. “ನನಗಿಂತ ನಿಮ್ಮ ಮಾತ ಕೇಳ್ತಾಳಲ್ರಿ!” ಎಂದು ಮಲ್ಲಣ್ಣ ನಕ್ಕರು. ನೀಲಮ್ಮನ ಅರ್ಧ ಮುಖವೂ ನಕ್ಕಿತು.

ಮನೆ ಮತ್ತೆ ನಡೆಯತೊಡಗಿತು. ಗಂಡ, ಮಗ, ಅತ್ತೆ ಹಾಸಿಗೆಯ ಹತ್ತಿರ ಬಂದು ಕೇಳುವುದು, ಅವರು ಹೇಳುವುದು.

ಆಮೇಲೊಂದು ಸಲ ನೀಲಮ್ಮ ಬಂದಾಗ ಎಡ ತೊಡೆಯ ಮೇಲೆ ಸುಟ್ಟ ಬೊಬ್ಬೆ ಎದ್ದಿತ್ತು. ಮುಂಜಾನೆ ಬಿಸಿ ಚಹಾ ಚೆಲ್ಲಿಕೊಂಡಿದ್ದರಂತೆ. ಸಂಜೆ ಸೀರೆ ಬದಲಿಸುವಾಗಲೇ ಮನೆಯವರಿಗೆ ಗೊತ್ತಾದದ್ದು. ಆ ನಡುವೆ ಅವರು ಎಲ್ಲರ ಪ್ರಶ್ನೆಗೂ ಉತ್ತರ ಕೊಟ್ಟಿದ್ದರು. ಉರಿಯುತ್ತಿದೆ ಎಂಬ ಒಂದು ಮಾತು ಮಾತ್ರ ಬಂದಿರಲಿಲ್ಲ. ಇನ್ನು ತಡಮಾಡುವಂತಿರಲಿಲ್ಲ. ನೀರು ಬೇಕು, ನೋಯುತ್ತದೆ, ಸಾಕು: ತಮ್ಮ ಸಲುವಾಗಿ ಇಷ್ಟಾದರೂ ಹೇಳಲು ಅವರಿಗೆ ಬರಬೇಕಿತ್ತು.

ಮಲ್ಲಣ್ಣನವರ ದನಿ ತೆಗೆದು ಕೇಳಿದೆ, “ನೀಲಾ, ನಿನಗೇನ್ ಬೇಕ?”

ನೀಲಮ್ಮ ಹೊರಳಿ ಹಿಂದೆ ನೋಡಿದರು. ಅಲ್ಲಿ ಬೇರೆ ಯಾರೋ ನಿಂತಿದ್ದಾರೆ, ಈ ಪ್ರಶ್ನೆ ಅವರಿಗೆ ಎಂಬಂತೆ.

ಮತ್ತೆ ಕೇಳಿದೆ. ಮತ್ತೆ ಹೊರಳಿದರು.

“ನನ್ನ ನಕಲು ಕೆಟ್ಟೈತಿ ಅಂತ ಕಾಣಸ್ತೈತ್ರಿ. ಈ ಮಾತ ನೀವ್ ಹೆಂಗ ಕೇಳ್ತೀರಿ? ಒಂದ್ಸಲ ಅಂದು ತೋರಿಸ್ರಿ,” ಎಂದೆ.

ಮಲ್ಲಣ್ಣ ಮಗನ ಮುಖ ನೋಡಿದರು. ಸಂಗು ನೆಲ ನೋಡಿದ. ಮಲ್ಲಣ್ಣ ಅಂದರು, “ನಾವ್ ಹಂಗ ಕೇಳಿಲ್ರಿ. ಬಾದಾಮಿಯೊಳಗ ಈಕಿ ಅವ್ವ ಕೇಳ್ತಿದ್ದಳು, ತವರಿಗೆ ಹೋದಾಗ. ಅಕಿ ಹೋಗಿ ಭಾಳ ವರ್ಷಾತು.”

ಊರಿನವರ ದನಿಯೆಲ್ಲ ಗಂಟಲಲ್ಲಿ ಇಟ್ಟುಕೊಂಡು ತಿರುಗುವವನಿಗೆ ಆ ಒಂದು ದನಿ ಎಲ್ಲೂ ಸಿಗುವಂತಿರಲಿಲ್ಲ.

ಆ ದಿನ ಚಿಕಿತ್ಸೆಯನ್ನೇ ಬದಲಿಸಿದೆ. “ಇನ್ನ ಮ್ಯಾಲ ಮನಿ ಪ್ರಶ್ನೆ ಒಂದೂ ಕೇಳಬ್ಯಾಡ್ರಿ. ಎಲ್ಲಾ ನೀವ ಹುಡುಕ್ರಿ, ನೀವ ನೆನಪಿಡ್ರಿ. ಅವರಿಗೆ ಇದೊಂದ ಕೇಳ್ರಿ.” ಮಲ್ಲಣ್ಣ ಹಾಗೇ ಮಾಡಿದರು. ರೇಷ್ಮೆ ಪರೀಕ್ಷಿಸುವ ಬೆರಳು ಹಂಚಿನ ಮೇಲೆ ಸುಟ್ಟಿತು. ಒಮ್ಮೆ ಚಹಾಕ್ಕೆ ಸಕ್ಕರೆಯೆಂದು ರವೆ ಹಾಕಿದರು. “ಈಕಿ ತಲಿಯಾಗ ಇಷ್ಟೆಲ್ಲಾ ಹೆಂಗ ಹಿಡಿಸಿತ್ತರಿ?” ಎಂದು ನನ್ನನ್ನು ಕೇಳಿದರು. ಅತ್ತ ಕೇಳುವವರಿಲ್ಲದೆ ನೀಲಮ್ಮನ ಆ ನಾಲ್ಕು ಮಾತುಗಳೂ ನಿಂತವು. ಮನೆಯ ಭಾರ ಇಳಿಯಿತು; ಇಳಿದ ಜಾಗದಲ್ಲಿ ಬರಿಯ ಮೌನ ಕೂತಿತು. ಆ ಜಾಗ ಅವರ ಸ್ವಂತ ಮಾತಿನಿಂದ ತುಂಬೀತೆಂದು ನಾವೆಲ್ಲ ಕಾಯುತ್ತಿದ್ದೆವು. ತುಂಬಲಿಲ್ಲ. ಎರಡನೆಯ ಲಕ್ವಾ ಅವರನ್ನು ಒಯ್ದಿತು.

ದಿವಸದ ಕಾರ್ಯವೆಲ್ಲ ಮುಗಿದ ಮೇಲೆ ಮಲ್ಲಣ್ಣ ಒಬ್ಬರೇ ಬಂದರು.

“ಅಕಿ ಹೋಗೂ ಹಿಂದಿನ ಸಂಜಿಕ ಕೇಳಿದ್ನಿರಿ, ನಿನಗೇನ್ ಬೇಕ ಅಂತ. ಅವತ್ತ ಹಿಂದ ಹೊರಳಲಿಲ್ಲ. ನನ್ನ ನೋಡಿದ್ಲು. ‘ನೀವೆಲ್ಲಾ ಉಂಡ ಮ್ಯಾಲ’ ಅಂದ್ಲು. ನಾವು ಊಟಕ್ಕ ಕುಂತಾಗ ದಿನಾ ಹಂಗ ಅಂತಿದ್ಲು.” ಅವರು ಸುಟ್ಟ ಬೆರಳು ಉಜ್ಜಿಕೊಂಡರು. “ಅದು ಖರೇ ಉತ್ತರ ಏನ್ರಿ? ಏನ ನೀವ್ ಅಂತೀರಲ್ಲಾ, ತಾನ ಬೀಳೂ ಮಾತು, ಅದ?”

“ಗೊತ್ತಿಲ್ರಿ,” ಎಂದೆ. ಆ ಹೊತ್ತಿಗೆ ನನಗೆ ಇದ್ದದ್ದು ನನ್ನ ಸ್ವಂತ ದನಿಯೊಂದೇ.

ಈಗ ಲಕ್ವಾದವರು ಯಾರೇ ಬರಲಿ, ಕಾರ್ಡು ತೆಗೆಯುವ ಮೊದಲು ಮನೆಯವರನ್ನು ಕೇಳುತ್ತೇನೆ: ನಿನಗೇನು ಬೇಕೆಂದು ಇವರನ್ನು ಯಾರು ಕೇಳುತ್ತಾರೆ? ಆ ದನಿಯನ್ನು ಮೊದಲು ಕಲಿಯುತ್ತೇನೆ. ಕೆಲವು ಮನೆಗಳಲ್ಲಿ ಕಲಿಯಲು ಏನೂ ಸಿಗುವುದಿಲ್ಲ. ನನ್ನ ನೌಕರಿ ಕಲಿಸಿದ ಪಾಠ ಇಷ್ಟೇ: ಆ ಪ್ರಶ್ನೆಯನ್ನು ಮಾತು ಇರುವಾಗಲೇ ಕೇಳಿಟ್ಟಿರಬೇಕು.

ಮಲ್ಲಣ್ಣ ಬಂದುಹೋದ ದಿನ ನಾನು ಮನೆಗೆ ಹೋದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಹತ್ತಿರ ಹೋಗಿ ಕುಳಿತೆ. “ಯವ್ವಾ, ನಿನಗೇನ್ ಬೇಕ?”

ಅವ್ವನ ಕೈ ನಿಂತಿತು. ಆಮೇಲೆ ಹಿಟ್ಟು ಮೆತ್ತಿದ ಕೈಯಿಂದ ನನ್ನ ತಲೆಗೆ ಮೊಟಕಿ ನಕ್ಕಳು.

“ಇದು ಯಾರ ದನಿಲೇ?”