ದೋಸೆ ಹಿಡಿದ ಜವಾನ

ಸಾನಪಾಡಾದ ಲೀಲಾಧರ ಸುವರ್ಣರಿಗೆ ಭಾನುವಾರ ಬಂತೆಂದರೆ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಹೆಬ್ಬೆರಳುದ್ದದ ಪ್ಲಾಸ್ಟಿಕ್ ಸೈನಿಕರ ಕೈಕಾಲು ಕತ್ತರಿಸಿ, ಬೇರೆ ಭಂಗಿಯಲ್ಲಿ ಅಂಟಿಸಿ, ಬಣ್ಣ ಬಳಿದು ಹೊಸಬರನ್ನಾಗಿ ಮಾಡುವುದು ಅವರ ಹುಚ್ಚು. ಈ ಸಲ ಹಿಮದಲ್ಲಿ ಕಾವಲು ನಿಂತ ಜವಾನ. ಮೀಸೆಯ ಒಂದೊಂದು ಎಳೆಯನ್ನೂ ಬರೆದು, ಟಿಶ್ಯೂ ಕಾಗದಕ್ಕೆ ಅಂಟು ಸವರಿ ಹೆಗಲಿಗೆ ಕಂಬಳಿಯನ್ನೂ ಹಾಕಿ ಮುಗಿಸಿದ್ದರು.

"ಜಯಾ, ಬಾ ಮಾರಾಯ್ತಿ, ನೋಡು! ಜೀವ ಉಂಟಲ್ಲ?"

ಹೆಂಡತಿ ಜಯಲತಾ ಕನ್ನಡಕ ಏರಿಸಿ ನೋಡಿ, ನಗು ತಡೆಯಲಾಗದೆ ಸೋಫಾದ ಮೇಲೆ ಕುಸಿದರು. "ಜೀವ ಉಂಟು. ಆದ್ರೆ ಬಂದೂಕನ್ನು ಎಂತಕ್ಕೆ ಮಾರಾಯ್ರೇ, ನಾಲ್ಕು ಮಸಾಲೆದೋಸೆ ಹಿಡಿದ ಹಾಗೆ ಹಿಡ್ಕೊಂಡಿದ್ದಾನೆ?"

ಹೌದಲ್ಲ! ಎಡಗೈ ಅಡ್ಡ ಮಡಚಿದೆ, ಹೆಗಲ ಕಂಬಳಿಯೋ ಥೇಟು ಟೇಬಲ್ ಒರೆಸುವ ಬಟ್ಟೆ. ಭಂಗಿ ಬೇಕಾದಾಗೆಲ್ಲ ಲೀಲಾಧರರು ಕನ್ನಡಿಯ ಮುಂದೆ ತಾವೇ ನಿಂತು ನೋಡಿಕೊಳ್ಳುತ್ತಿದ್ದರು. ವಾಶಿಯ ಹೋಟೆಲಿನಲ್ಲಿ ಮೂವತ್ತು ವರ್ಷ ಸಪ್ಲಾಯರ್ ಆಗಿದ್ದ ಮೈ ಇನ್ನು ಹೇಗೆ ನಿಂತೀತು!

ಅವರಿಗೂ ನಗು ಉಕ್ಕಿತು. ಬ್ಲೇಡು ಹಿಡಿದು ಬಂದೂಕನ್ನು ಕಿತ್ತರು. ಪಂಚಿಂಗ್ ಮಷೀನಿನಿಂದ ಉದುರಿದ ನಾಲ್ಕು ದುಂಡು ಕಾಗದದ ಚೂರುಗಳನ್ನು ತಟ್ಟೆಗಳೆಂದು ಆ ಕೈಮೇಲೆ ಅಂಟಿಸಿದರು.

"ಹಿಮದಲ್ಲಿ ನಿಂತವರಿಗೆ ಬಿಸಿಬಿಸಿ ತಿಂಡಿ ಒಬ್ಬ ಕೊಡ್ಬೇಕಲ್ಲ!"

ಆಮೇಲೆ ಉಸಿರು ಬಿಗಿಹಿಡಿದು, ಜವಾನನ ಎದೆಯ ಹೆಸರಿನ ಪಟ್ಟಿಯ ಮೇಲೆ ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ ಬರೆದರು: ಎಲ್. ಸುವರ್ಣ.