ಲಾಳಿ ಗುಳಿಗಿ

ಇಳಕಲ್ಲಿನ ನೇಕಾರರ ಓಣಿಯಲ್ಲಿ ನನ್ನದು ಔಷಧದ ಅಂಗಡಿ. ಒಂದು ಮುಂಜಾನೆ ಎದುರುಮನೆಯ ನೇಕಾರ ಅಜ್ಜಿ ಬಿ.ಪಿ. ಗುಳಿಗೆಯ ಪಟ್ಟಿಯನ್ನು ಕೌಂಟರಿನ ಮೇಲೆ ಒಗೆದಳು.

"ಇದನ್ನ ತಗೊಂಡ್ರ ತಲಿ ಗಿರ್ ಅಂತೈತ್ರಿ. ಬ್ಯಾರೆ ಕೊಡ್ರಿ."

"ಹೆಂಗ ತಗೋತಿ ಯವ್ವಾ?"

"ಎಲಿ ಅಡಕಿ ಕುಟ್ಟೋ ಕುಟ್ಟಾಣಿಯೊಳಗ ಪುಡಿ ಮಾಡಿ, ಬೆಲ್ಲದ ಜೋಡಿ. ಲಗೂ ಹತ್ತಲಿ ಅಂತ."

ನನಗೆ ಸಿಟ್ಟು ನೆತ್ತಿಗೇರಿತು. ಪಟ್ಟಿಯ ಮೇಲೆ ಎಸ್.ಆರ್. ಎಂದು ದಪ್ಪಗೆ ಅಚ್ಚಾಗಿತ್ತು. ದಿನವಿಡೀ ನಿಧಾನವಾಗಿ ಔಷಧ ಬಿಡುವ ಗುಳಿಗೆ ಅದು, ಇಡಿಯಾಗಿಯೇ ನುಂಗಬೇಕು. ಆದರೆ ಆ ಎರಡು ಇಂಗ್ಲಿಷ್ ಅಕ್ಷರ ಈ ಅಜ್ಜಿಗೆ ಏನು ಹೇಳಿಯಾವು?

"ಯವ್ವಾ, ನೇಯುವಾಗ ಲಾಳಿಯೊಳಗಿನ ನೂಲು ಹೆಂಗ ಬರ್ತೈತಿ?"

"ನೇದಂಗ ನೇದಂಗ, ಒಂದೊಂದು ಎಳಿ."

"ಎಲ್ಲಾ ಒಮ್ಮೆಲೆ ಜಗ್ಗಿದ್ರ?"

"ಸಿಕ್ಕು ಬೀಳ್ತೈತಿ, ಸೀರಿ ಕೆಡ್ತೈತಿ..." ಎಂದವಳು ಗುಳಿಗೆಯನ್ನೇ ದಿಟ್ಟಿಸಿದಳು. "ಇದೂ ಹಂಗೇನ್ರಿ?"

ಕಂಪನಿಯವರು ಎಸ್.ಆರ್., ಎಕ್ಸ್.ಆರ್. ಎಂದು ಏನಾದರೂ ಅಚ್ಚು ಹಾಕಿಕೊಳ್ಳಲಿ. ನಮ್ಮ ಓಣಿಯಲ್ಲಿ ಈಗ ಅವೆಲ್ಲ 'ಲಾಳಿ ಗುಳಿಗಿ'. ಹೊಸಬರು ಯಾರಾದರೂ ಕೊಂಡರೆ, ನಾನು ಬಾಯಿ ತೆರೆಯುವ ಮೊದಲೇ ಎದುರಿನ ಕಟ್ಟೆಯಿಂದ ಗದರಿಕೆ ಬರುತ್ತದೆ: "ಕುಟ್ಟಬ್ಯಾಡ್ರಿ ಮತ್ತ!"